ಮಳೆಗಾಲದಲ್ಲಿ ಹಾಕಿದ ಕಾಂಪೊಸಿಟ್ ಫಿಲ್ಲಿಂಗ್ ಯಾಕೆ ಬಾಳುತ್ತಿಲ್ಲ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಸೋಮವಾರಪೇಟೆ ಕಡೆಯ ಕ್ಲಿನಿಕ್:
ದವಡೆ ಹಲ್ಲುಗಳ ನಡುವಿನ ಹುಳುಕಿಗೆ, ಅಂದರೆ ಕ್ಲಾಸ್ ಟೂಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿದ ಕಾಂಪೊಸಿಟ್‌ಗಳೇ (ಹಲ್ಲಿನ ಬಣ್ಣದ, ಬೆಳಕು ಕೊಟ್ಟು ಗಟ್ಟಿ ಮಾಡುವ ರೆಸಿನ್ ಫಿಲ್ಲಿಂಗ್) ಹೆಚ್ಚಾಗಿ ವಾಪಸ್ ಬರುತ್ತಿವೆ. ತಣ್ಣೀರು ತಾಗಿದರೆ ಜುಮ್ ಅನ್ನುತ್ತೆ, ಕಚ್ಚಿದರೆ ನೋವು, ವರ್ಷ ಕಳೆಯುವುದರೊಳಗೆ ಒಸಡಿನ ಕಡೆಯ ಅಂಚಿನಲ್ಲಿ ಕಂದು ಗೆರೆ. ಎಚಿಂಗ್ (ಆಸಿಡ್ ಹಚ್ಚಿ ಹಲ್ಲನ್ನು ಒರಟು ಮಾಡುವುದು), ಬಾಂಡಿಂಗ್ (ಫಿಲ್ಲಿಂಗ್ ಹಿಡಿಯಲು ಅಂಟು ದ್ರವ ಹಚ್ಚುವುದು) ಎಲ್ಲ ಮಾಮೂಲಿನಂತೆಯೇ ಮಾಡುವುದು. ಕಂಪನಿ ಬದಲಿಸಿ ದುಬಾರಿ ಕಾಂಪೊಸಿಟ್ ಸಿರಿಂಜ್ ತರಿಸಿದರೆ ಸರಿ ಹೋದೀತೇ?

ಮಡಿಕೇರಿ, ದಂತವೈದ್ಯೆ:
ಸಿರಿಂಜ್‌ಗೆ ದುಡ್ಡು ಹಾಕುವ ಮೊದಲು ಕಂಪ್ರೆಸರ್ ನೋಡಿ ಸರ್. ನಮ್ಮ ಕಡೆಯ ಮಳೆಗಾಲದ ಗಾಳಿಯನ್ನು ಒತ್ತಿ ತುಂಬಿದರೆ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುವುದು ಖಂಡಿತ. ಆ ನೀರು ಪೈಪ್ ಹಿಡಿದು, ಹಲ್ಲಿಗೆ ಗಾಳಿ-ನೀರು ಬಿಡುವ ತ್ರೀ-ವೇ ಸಿರಿಂಜ್‌ಗೆ ಬಂದು, ನೀವು ಒಣಗಿಸುತ್ತಿದ್ದೇನೆ ಅಂದುಕೊಂಡ ಹಲ್ಲಿನ ಮೇಲೆ ಸಣ್ಣ ತುಂತುರಾಗಿ ಬೀಳುತ್ತೆ. ಬಾಂಡಿಂಗ್‌ನಲ್ಲಿರುವ ಆಲ್ಕೋಹಾಲ್ ಅಥವಾ ಅಸಿಟೋನ್ ಆರುವ ಬದಲು ನೀರಿನ ಜೊತೆ ಅಲ್ಲೇ ಉಳಿಯುತ್ತೆ. ಮೇಲೆ ಗಟ್ಟಿ ಮಾಡುವ ನೀಲಿ ಲೈಟ್ ಹಾಕಿದರೂ ಪದರ ಸ್ಪಂಜಿನಂತೆ ತೂತುತೂತಾಗಿಯೇ ಗಟ್ಟಿಯಾಗುತ್ತೆ. ಜುಮ್ ಅನ್ನುವುದು ಅಲ್ಲಿಂದಲೇ ಶುರು.

ಪರೀಕ್ಷೆ ಸುಲಭ. ಒಣ ಬಾಯಿಕನ್ನಡಿಯ ಮೇಲೆ ಒಂದು ಸೆಂ.ಮೀ. ದೂರದಿಂದ ಹತ್ತು ಸೆಕೆಂಡ್ ಬರೀ ಗಾಳಿ ಬಿಡಿ. ಮಂಜು ಅಥವಾ ಹನಿ ಕಂಡರೆ ನೀರು, ಬೆಳಕಿಗೆ ಹಿಡಿದಾಗ ಬಣ್ಣಬಣ್ಣದ ಜಿಡ್ಡು ಕಂಡರೆ ಕಂಪ್ರೆಸರ್ ಎಣ್ಣೆ. ದಿನಾ ಕೆಲಸ ಮುಗಿದ ಮೇಲೆ ಟ್ಯಾಂಕಿನ ಡ್ರೈನ್ ಕಾಕ್ ತೆರೆದು ನೀರು ಪೂರ್ತಿ ಬಸಿಯಿರಿ. ಲೈನಿಗೆ ನೀರು ಹಿಡಿಯುವ ಫಿಲ್ಟರ್ ಕೂರಿಸಿ. ಎಣ್ಣೆ ಬರುವ ಕಂಪ್ರೆಸರ್ ಆದರೆ ಬೇರೆ ದಾರಿ ಇಲ್ಲ, ಆಯಿಲ್-ಫ್ರೀ ತಗೊಳ್ಳಿ.

ವಿರಾಜಪೇಟೆ:
ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಫ್ರಿಜ್‌ನಿಂದ ತೆಗೆದ ಬಾಂಡಿಂಗ್ ಬಾಟಲಿಯನ್ನು ಕೂಡಲೇ ತೆರೆಯಬೇಡಿ. ತಣ್ಣಗಿನ ಬಾಟಲಿಗೆ ಒದ್ದೆ ಗಾಳಿ ತಾಗಿ ಮೂತಿಯಲ್ಲಿ ನೀರು ಕೂರುತ್ತೆ. ಮುಚ್ಚಳ ಬಿಗಿದ ಹಾಗೆಯೇ ಹೊರಗಿಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಹನಿ ಹಾಕುವುದು ಹಚ್ಚುವ ಕ್ಷಣಕ್ಕೆ ಮಾತ್ರ. ಅಸಿಸ್ಟೆಂಟ್ ಮೊದಲೇ ಡಿಶ್‌ಗೆ ಹಾಕಿಟ್ಟರೆ ದ್ರಾವಕ ಹಾರಿ ಹೋಗಿ ಅಂಟು ಮಾತ್ರ ಉಳಿದಿರುತ್ತೆ. ಹಚ್ಚಿ 20 ಸೆಕೆಂಡ್ ಉಜ್ಜಿ, ಆಮೇಲೆ ಮೆಲ್ಲಗೆ ಗಾಳಿ. ಪದರದಲ್ಲಿ ಅಲೆ ಏಳುವುದು ಪೂರ್ತಿ ನಿಂತ ಮೇಲೇ ಲೈಟ್.

ಕಾಂಪೊಸಿಟ್ ಸಿರಿಂಜ್ ಕೂಡ ಹಾಗೇ. ಡಿಸೆಂಬರ್ ಬೆಳಗ್ಗೆ ಫ್ರಿಜ್‌ನಿಂದ ತೆಗೆದು ಒತ್ತಿದರೆ ಕಲ್ಲಿನಂತಿರುತ್ತೆ, ಗೋಡೆಗೆ ಕೂರುವುದಿಲ್ಲ, ನಡುವೆ ಗಾಳಿಗುಳ್ಳೆ ಉಳಿಯುತ್ತೆ. ಅವತ್ತು ಬೇಕಾದ್ದನ್ನು ಬೆಳಗ್ಗೆಯೇ ಹೊರಗಿಡಿ.

ಮಳೆಗಾಲಕ್ಕೆ ಟೋಟಲ್ ಎಚ್ (ಹೊಂಡಕ್ಕೆ ಪೂರ್ತಿ ಆಸಿಡ್ ಹಚ್ಚುವ ವಿಧಾನ) ಬಿಡುವುದೇ ವಾಸಿ ಅನ್ನುವುದು ನನ್ನ ಮತ. 37% ಫಾಸ್ಫಾರಿಕ್ ಆಸಿಡ್ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಅಂಚಿಗೆ ಮಾತ್ರ 15 ಸೆಕೆಂಡ್; ಡೆಂಟಿನ್‌ಗೆ (ಅದರ ಒಳಗಿನ ಪದರ) ಆಸಿಡ್ ಇಲ್ಲದೆಯೂ ಹಿಡಿಯುವ ಯೂನಿವರ್ಸಲ್ ಬಾಂಡಿಂಗ್ ನೇರ ಉಜ್ಜಿ. ಡೆಂಟಿನ್ ಎಷ್ಟು ಒದ್ದೆ ಇರಬೇಕು ಅನ್ನುವ ತಲೆನೋವು ಅರ್ಧಕ್ಕರ್ಧ ಕಡಿಮೆ.

ಗೋಣಿಕೊಪ್ಪ:
ಇಬ್ಬರೂ ನೀರಿನ ಮಾತೇ ಆಡಿದಿರಿ. ಒಸಡಿನ ಕಡೆಯ ಅಂಚೇ ಕೈಕೊಡುತ್ತಿದೆ ಅಂದರೆ ನಾನು ಮೊದಲು ಲೈಟ್ ನೋಡುತ್ತೇನೆ.

ಬೆಳಕು ಹೀರಿ ಕಾಂಪೊಸಿಟ್ ಗಟ್ಟಿಯಾಗಿಸುವ ಕ್ಯಾಂಫರ್‌ಕ್ವಿನೋನ್‌ಗೆ ಬೇಕಾದ್ದು 470 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು. ಲೈಟಿನ ಡಬ್ಬಿಯ ಮೇಲೆ ಬರೆದ ಮಿಲಿವ್ಯಾಟ್ ಲೆಕ್ಕ ತುದಿಗೆ ಅಂಟಿಸಿ ಅಳೆದದ್ದು. ಕ್ಲಾಸ್ ಟೂ ಬಾಕ್ಸಿನ (ಹಲ್ಲುಗಳ ನಡುವಿನ ಕಡೆ ಕೊರೆದ ಹೊಂಡದ) ತಳ ಲೈಟಿನ ತುದಿಯಿಂದ ಆರೇಳು ಮಿ.ಮೀ. ಕೆಳಗಿರುತ್ತೆ, ಅಲ್ಲಿಗೆ ತಲುಪುವುದು ಅದರ ಒಂದು ಪಾಲು ಅಷ್ಟೇ. ಹಾಗಾಗಿ ತಳದ ಪದರ 1 ಮಿ.ಮೀ. ಮೀರದಿರಲಿ, ಲೈಟ್ 20ರ ಬದಲು 40 ಸೆಕೆಂಡ್. ಮ್ಯಾಟ್ರಿಕ್ಸ್ ಬ್ಯಾಂಡ್ (ಹಲ್ಲಿನ ಸುತ್ತ ಕಟ್ಟುವ ತೆಳು ಪಟ್ಟಿ) ಬಿಚ್ಚಿದ ಮೇಲೆ ಕೆನ್ನೆಯ ಕಡೆಯಿಂದ, ನಾಲಿಗೆಯ ಕಡೆಯಿಂದ ಮತ್ತೊಮ್ಮೆ. ಮೇಲಿನ ಪದರಗಳು 2 ಮಿ.ಮೀ. ಒಳಗೆ, ಓರೆಯಾಗಿ, ಎದುರುಬದುರು ಗೋಡೆಗಳನ್ನು ಒಂದೇ ಪದರ ಮುಟ್ಟದಂತೆ. ಗಟ್ಟಿಯಾಗುವಾಗ ಮಾಮೂಲಿ ಕಾಂಪೊಸಿಟ್ ಶೇಕಡಾ 2–3ರಷ್ಟು ಕುಗ್ಗುತ್ತೆ, ಎರಡೂ ಗೋಡೆ ಹಿಡಿದು ಕುಗ್ಗಿದರೆ ಯಾವುದಾದರೂ ಒಂದು ಕಡೆ ಬಿಟ್ಟುಕೊಳ್ಳಲೇಬೇಕು.

ನಿಮ್ಮ ಲೈಟಿನ ತಾಕತ್ತು ನೀವೇ ನೋಡಬಹುದು. 4 ಮಿ.ಮೀ. ಒಳವ್ಯಾಸ, 6 ಮಿ.ಮೀ. ಎತ್ತರದ ಲೋಹದ ಕೊಳವೆ ತುಂಡಿಗೆ ಕಾಂಪೊಸಿಟ್ ತುಂಬಿ, ಮೇಲೆ ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್) ಪಟ್ಟಿ ಇಟ್ಟು 20 ಸೆಕೆಂಡ್ ಲೈಟ್ ಕೊಡಿ. ಹೊರಗೆ ತಳ್ಳಿ, ತಳದ ಮೆತ್ತನೆ ಭಾಗವನ್ನು ಪ್ಲಾಸ್ಟಿಕ್ ಸ್ಪಾಚುಲಾದಲ್ಲಿ ಕೆರೆದು ತೆಗೆಯಿರಿ. ಉಳಿದ ಗಟ್ಟಿ ತುಂಡನ್ನು ಅಳೆದು ಅರ್ಧ ಮಾಡಿ. ಫಿಲ್ಲಿಂಗ್ ರೆಸಿನ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 4049ರಲ್ಲಿರುವುದೂ ಇದೇ ಲೆಕ್ಕ. ಆ ಅರ್ಧ 2 ಮಿ.ಮೀ. ಮುಟ್ಟದಿದ್ದರೆ ಸಿರಿಂಜ್ ಬದಲಿಸಿ ಏನು ಪ್ರಯೋಜನ? ಮೊದಲು ಲೈಟ್ ತುದಿಗೆ ಅಂಟಿದ ಹಳೇ ರೆಸಿನ್ ಕೆರೆದು ತೆಗೆದು ಮತ್ತೆ ಪರೀಕ್ಷಿಸಿ. ಹಳೇ ಹ್ಯಾಲೋಜನ್ ಲೈಟ್ ಆದರೆ ಕರೆಂಟ್ ಡಿಮ್ ಆದ ದಿನ ಅದೂ ಡಿಮ್ಮೇ.

ಸಂಪಾಜೆ:
40 ಸೆಕೆಂಡ್ ಅಂತ ಕಣ್ಣುಮುಚ್ಚಿ ಹಿಡಿಯಬೇಡಿ ಮಾರಾಯ್ರೇ. ಲೈಟ್ ಜೋರಿನದಾಗಿದ್ದು ಹುಳುಕು ಆಳ ಇದ್ದರೆ ಪಲ್ಪ್‌ಗೆ (ಹಲ್ಲಿನೊಳಗಿನ ನರದ ಭಾಗ) ಬಿಸಿ ತಾಗುತ್ತೆ. 20 ಸೆಕೆಂಡ್, ಸ್ವಲ್ಪ ಗಾಳಿ, ಮತ್ತೆ 20.

ಕುಶಾಲನಗರ:
ಕಂದು ಗೆರೆ ಕಂಡ ತಕ್ಷಣ ಫಿಲ್ಲಿಂಗ್ ಕಿತ್ತು ಹಾಕುತ್ತಿಲ್ಲ ತಾನೆ? ದಿನಕ್ಕೆ ನಾಲ್ಕೈದು ಲೋಟ ಕಾಫಿ, ಮೇಲೆ ಎಲೆಅಡಿಕೆ ಇರುವ ಬಾಯಿಯಲ್ಲಿ ಅಂಚಿಗೆ ಕಲೆ ಕೂರುವುದು ಸಹಜ. ಪಾಲಿಶಿಂಗ್ ಡಿಸ್ಕ್ ಆಡಿಸಿದಾಗ ಹೋದರೆ ಅದು ಬರೀ ಕಲೆ. ಮೆತ್ತಗಿದೆ, ಎಕ್ಸ್‌ರೇಯಲ್ಲೂ ಕಾಣುತ್ತೆ ಅಂದರೆ ಹುಳುಕು. ಎಕ್ಸ್‌ರೇಯಲ್ಲೂ ಒಂದು ಮೋಸ ಇದೆ: ಕಾಂಪೊಸಿಟ್‌ನಲ್ಲಿ ಬೇರಿಯಂ ಗಾಜಿನಂಥ ಪುಡಿ ಇರುವುದರಿಂದ ಬೆಳ್ಳಗೆ ಕಾಣುತ್ತೆ, ಎಷ್ಟೋ ಬಾಂಡಿಂಗ್‌ಗಳಲ್ಲಿ ಅದಿಲ್ಲ. ಮೂಲೆಯಲ್ಲಿ ಬಾಂಡಿಂಗ್ ಹೊಂಡದಂತೆ ನಿಂತಿದ್ದರೆ ಹುಳುಕಿನಂತೆ ಕಪ್ಪು ಪಟ್ಟಿ ಕಾಣುತ್ತೆ. ಚೂಪಾದ ಅಂಚಿನ ತೆಳು ಗೆರೆ, ಕಾಲ ಕಳೆದರೂ ಬೆಳೆಯದ್ದು ಆದರೆ ಅದೇ ಇರಬಹುದು.

ಕಲೆ ಕಡಿಮೆ ಮಾಡಲು: ಕೊನೆಯ ಪದರದ ಮೇಲೆ ಗ್ಲಿಸರಿನ್ ಜೆಲ್ ಹಚ್ಚಿ 20 ಸೆಕೆಂಡ್ ಲೈಟ್. ಗಾಳಿಯ ಆಮ್ಲಜನಕ ತಾಗಿದ ಮೇಲ್ಪದರ ಪೂರ್ತಿ ಗಟ್ಟಿಯಾಗುವುದಿಲ್ಲ, ಅಲ್ಲೇ ಬಣ್ಣ ಹಿಡಿಯುವುದು. ಆಮೇಲೆ ಪಾಲಿಶ್. ಮೊದಲ ಒಂದು ದಿನ ಕಾಫಿ ಬೇಡ ಅಂತ ಹೇಳಿ. ಕೇಳುತ್ತಾರೋ ಬಿಡುತ್ತಾರೋ ಬೇರೆ ಮಾತು.

ಪ್ರಶ್ನೆ ಕೇಳಿದವರು:
ಕನ್ನಡಿಯ ಮೇಲೆ ಹನಿ ಬಿತ್ತು, ಮೇಡಂ. ಫಿಲ್ಟರ್ ಹಾಕಿಸುತ್ತೇನೆ. ಇನ್ನೊಂದು: ನೆಗಡಿ, ಮೂಗು ಕಟ್ಟಿದವರಿಗೆ ರಬ್ಬರ್ ಡ್ಯಾಮ್ (ಹಲ್ಲಿಗೆ ಜೊಲ್ಲು ತಾಗದಂತೆ ಕಟ್ಟುವ ರಬ್ಬರ್ ಹಾಳೆ) ಹಾಕಿದರೆ ಉಸಿರು ಕಟ್ಟುತ್ತೆ ಅನ್ನುತ್ತಾರೆ. ಕಾಟನ್ ರೋಲ್ ಸಾಕೇ?

ಮಡಿಕೇರಿ, ದಂತವೈದ್ಯೆ:
ಕೆಳದವಡೆಯ ಹಿಂದಿನ ಹಲ್ಲಿಗೆ ಸಾಕಾಗುವುದಿಲ್ಲ. ಜೊಲ್ಲು ತಡೆದರೂ ಬಾಯಿಯ ಉಸಿರಿನ ತೇವವೇ ಬಾಂಡಿಂಗ್ ಕೆಡಿಸುತ್ತೆ. ನೆಗಡಿ ಇಳಿಯುವವರೆಗೆ ತಡೆಯಬಹುದಾದ ಹಲ್ಲಾದರೆ ಹುಳುಕು ತೆಗೆದು ಗ್ಲಾಸ್ ಅಯಾನಮರ್ (ಬಾಂಡಿಂಗ್ ಇಲ್ಲದೆಯೇ ಹಲ್ಲಿಗೆ ಅಂಟುವ ಸಿಮೆಂಟ್) ಹಾಕಿ ಕಳಿಸಿ. ಒಸಡಿನಿಂದ ರಕ್ತ ಬರುತ್ತಿದ್ದರೂ ಅದೇ. ತಾತ್ಕಾಲಿಕಕ್ಕೆ ಅಂತ ಯೂಜಿನಾಲ್ (ಲವಂಗದೆಣ್ಣೆಯ ಅಂಶ) ಇರುವ ಸಿಮೆಂಟ್ ಮಾತ್ರ ಬೇಡ, ಅದರ ಎಣ್ಣೆ ಆಮೇಲೆ ಹಾಕುವ ರೆಸಿನ್ ಗಟ್ಟಿಯಾಗಲು ಬಿಡುವುದಿಲ್ಲ. ಒಂದೆರಡು ವಾರ ಬಿಟ್ಟು ಕರೆಸಿ, ತಳದ ಅಂಚಿನಲ್ಲಿ ಎನಾಮೆಲ್ ಉಳಿದಿಲ್ಲ ಅನಿಸಿದರೆ ಅಲ್ಲಿ ಅಯಾನಮರ್ ಹಾಗೇ ಬಿಟ್ಟು ಮೇಲಿನದಷ್ಟೇ ಕೊರೆದು ಕಾಂಪೊಸಿಟ್ ಹಾಕಿ.