ಪತ್ರಾಸಿನ ಮನೆಯಲ್ಲಿ ಮೂಗಿನ ಸ್ಪ್ರೇ ಎಲ್ಲಿಡಬೇಕು?

ಪ್ರಶ್ನೆ (ಸಿಂದಗಿ ತಾಲ್ಲೂಕಿನ ಗೃಹಿಣಿ): ನಮಸ್ಕಾರ ಸರ್. ತೊಗರಿ ರಾಶಿಯ ಧೂಳಿಗೆ ನಮ್ಮ ಯಜಮಾನರಿಗೆ ಸೀನು ನಿಲ್ಲದ ಕಾರಣ ವೈದ್ಯರು ಫ್ಲುಟಿಕಾಸೋನ್ ಸ್ಪ್ರೇ ಬರೆದುಕೊಟ್ಟಿದ್ದಾರೆ. ನಮ್ಮದು ಪತ್ರಾಸಿನ (ತಗಡಿನ ಚಾವಣಿಯ) ಮನೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ ಕೂಡಲಾಗದಷ್ಟು ಕಾವು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಹುದೇ? ಹೋದ ವರ್ಷ ಅರ್ಧ ಬಳಸಿದ, ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್ ಬಾಟಲಿಯೂ ಮಾಡದಲ್ಲಿದೆ. ನೆಗಡಿಯಾದರೆ ನಾಲ್ಕು ವರ್ಷದ ಮಗನಿಗೆ ಅದನ್ನೇ ಹಾಕಬಹುದೇ?

ಉತ್ತರ (ವಿಜಯಪುರದ ಔಷಧ ವಿತರಕ): ನಮಸ್ಕಾರ ತಾಯಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಹಾಕಬೇಡಿ. ಒಬ್ಬರ ಮೂಗಿಗೆ ತಾಗಿದ ತುದಿಯನ್ನು ಇನ್ನೊಬ್ಬರ ಮೂಗಿಗೆ ಇಟ್ಟರೆ ಸೋಂಕು ಹರಡುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮಗು ಆ ಬಾಟಲಿಯನ್ನು ಬಾಯಿಗೆ ಹಾಕಿಕೊಳ್ಳುವುದು. ಈ ಗುಂಪಿನ ಔಷಧವನ್ನು ಐದು ವರ್ಷ ಮತ್ತು ಅದರೊಳಗಿನ ಮಕ್ಕಳು ಕೇವಲ 1–2 ಮಿಲಿಲೀಟರ್ ನುಂಗಿದರೂ ಗಂಭೀರ ತೊಂದರೆಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2012ರಲ್ಲಿಯೇ ಎಚ್ಚರಿಸಿದೆ. ಮಗು ನುಂಗಿದ್ದರೆ, ಮಂಪರು ಬರಲೆಂದು ಕಾಯದೆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಬೇಕು. ಮಾಡದಲ್ಲಿರುವ ಹಳೆಯ ಬಾಟಲಿಯನ್ನು ಇಂದೇ ವಿಲೇವಾರಿ ಮಾಡಿ.

ಇನ್ನು ಫ್ಲುಟಿಕಾಸೋನ್. ಇದರಲ್ಲಿ ಔಷಧದ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆದ್ದರಿಂದಲೇ ಪ್ರತಿ ಸಲ ಮೆಲ್ಲಗೆ ಅಲುಗಾಡಿಸಿ ಬಳಸಬೇಕು, ಹೆಪ್ಪುಗಟ್ಟಲು ಬಿಡಬಾರದು. ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ 30 ಡಿಗ್ರಿ ಮೀರಬಾರದೆಂದು ಬರೆದಿರುತ್ತದೆ, ಫ್ರಿಜ್ಜಿನಲ್ಲಿ ಇಡಿರೆಂದು ಬರೆದಿರುವುದಿಲ್ಲ. ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಮಂಜಿನ ಖಾನೆಯ ಕೆಳಗಿಟ್ಟ ಮೊಸರೇ ಗಟ್ಟಿಯಾಗುವುದನ್ನು ನೀವು ನೋಡಿರಬಹುದು. ಸ್ಪ್ರೇಗೆ ಅದು ಸರಿಯಾದ ಜಾಗವಲ್ಲ.

ನಿಮ್ಮ ಮನೆಯ ತೊಡಕು ಬೇರೆಯೇ ಇದೆ. ಮಗುವಿನ ಕೈಗೆ ಸಿಗಬಾರದೆಂದು ಮೇಲಿನ ಹಲಗೆಯ ಮೇಲೆ ಇಟ್ಟರೆ ಪತ್ರಾಸಿನ ಕಾವು ನೇರವಾಗಿ ತಾಗುತ್ತದೆ. ತಂಪಿರುವ ನೆಲದ ಬಳಿ ಇಟ್ಟರೆ ಮಗುವಿಗೆ ಸಿಗುತ್ತದೆ. ಒಲೆಯಿಂದ ದೂರವಿರುವ, ಬಿಸಿಲು ಬೀಳದ ಒಳಕೋಣೆಯಲ್ಲಿ ಕೀಲಿ ಹಾಕುವ ಟ್ರಂಕಿನೊಳಗೆ, ಬಟ್ಟೆಗಳ ನಡುವೆ ನೆಟ್ಟಗೆ ನಿಲ್ಲಿಸಿ ಇಡುವುದೇ ಮೇಲು. ಹೊಲಕ್ಕೆ ಹೋಗುವಾಗ ಬೈಕಿನ ಡಿಕ್ಕಿಯಲ್ಲಂತೂ ಬಿಡಲೇಬಾರದು. ಬಳಸಿದ ಮೇಲೆ ತುದಿಯನ್ನು ಒಣಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಬೇಕು. ರಂಧ್ರ ಕಟ್ಟಿದರೆ ಸೂಜಿಯಿಂದ ಚುಚ್ಚಬಾರದು. ಒಂದು ವಾರ ಬಳಸದೆ ಬಿಟ್ಟಿದ್ದರೆ, ಸಣ್ಣ ಮಂಜಿನಂತೆ ಬರುವವರೆಗೆ ಗಾಳಿಯಲ್ಲಿ ಒತ್ತಿ, ಆಮೇಲೆ ಬಳಸಿ.

ಮರುಪ್ರಶ್ನೆ (ಮುದ್ದೇಬಿಹಾಳದ ಸದಸ್ಯರು): ನಮ್ಮ ಅವ್ವನಿಗೆ ಎಲುಬು ಸವೆತಕ್ಕೆ ಕೊಟ್ಟ ಕ್ಯಾಲ್ಸಿಟೋನಿನ್ ಸ್ಪ್ರೇಯನ್ನು ಅಂಗಡಿಯವರು ಫ್ರಿಜ್ಜಿನಿಂದಲೇ ತೆಗೆದುಕೊಟ್ಟರಲ್ಲ?

ಉತ್ತರ: ಅವರು ಮಾಡಿದ್ದು ಸರಿ. ಅದು ಇನ್ನೂ ತೆರೆಯದ ಬಾಟಲಿಯಾಗಿದ್ದಾಗ 2ರಿಂದ 8 ಡಿಗ್ರಿಯಲ್ಲಿ ಇರಬೇಕು; ಬಳಸಲು ಆರಂಭಿಸಿದ ಮೇಲೆ ಹೊರಗಿನ ತಂಪು ಜಾಗದಲ್ಲಿ, ಸುಮಾರು ಒಂದು ತಿಂಗಳು ಮಾತ್ರ. ದಿನಗಳ ನಿಖರ ಲೆಕ್ಕ ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ತೆರೆದ ತಾರೀಖನ್ನು ಬಾಟಲಿಗೆ ಪಟ್ಟಿ ಅಂಟಿಸಿ ಬರೆದಿಡಿ.