ಅಪ್‌ಡೇಟ್: ಕೆಲಸ ಬಿಡದೆ ಸೈಕಾಲಜಿ ಪಿಎಚ್‌ಡಿ

ಕಾಲೇಜಿನಲ್ಲಿ ಕೌನ್ಸೆಲರ್ ಆಗಿದ್ದುಕೊಂಡೇ, ಚಿಕ್ಕ ಮಗುವನ್ನೂ ನೋಡಿಕೊಳ್ಳುತ್ತಾ ಪಿಎಚ್‌ಡಿ ಮಾಡಬಹುದಾ ಅಂತ ಕೇಳಿದ್ದೆನಲ್ಲ, ಪಾರ್ಟ್‌ಟೈಮ್ ಸೀಟು ಸಿಕ್ಕಿದೆ! ದಾರಿ ತೋರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿ ಪಾರ್ಟ್‌ಟೈಮ್‌ಗೆ ಒಪ್ಪುತ್ತದೆ, ಆದರೆ ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌ಡಿಗೆ ಒಪ್ಪುವುದಿಲ್ಲ. ಹಾಗಾಗಿ 'ಮನೆಯಲ್ಲೇ ಕೂತು ಡಾಕ್ಟರೇಟ್' ಎನ್ನುವ ಜಾಹೀರಾತುಗಳನ್ನು ಕಣ್ಣೆತ್ತಿಯೂ ನೋಡಬೇಡಿ. ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2, ಹೆಂಗಸರಿಗೆ ಅದರ ಮೇಲೆ ಮತ್ತೆರಡು. ಅಂದರೆ ಒಟ್ಟು 10 ವರ್ಷದವರೆಗೆ ಅವಕಾಶ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಉಂಟು. ನನಗೆ ಧೈರ್ಯ ಬಂದದ್ದೇ ಇದನ್ನು ಓದಿದ ಮೇಲೆ.

ಸತಾಯಿಸಿದ್ದು ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ. ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿಯ ಶುರುವಿನ ಪಾಠ-ಪತ್ರಿಕೆಗಳು) ಬಿಡುಗಡೆ ಮಾಡುತ್ತೇವೆ ಅಂತ ಕೆಲಸ ಕೊಟ್ಟವರು ಬರೆದುಕೊಡಬೇಕು. ಆ ಎರಡನೇ ಸಾಲಿಗೆ ನಮ್ಮ ಆಡಳಿತ ಮಂಡಳಿ ಸಹಿ ಹಾಕುವಷ್ಟರಲ್ಲಿ ಸಾಕುಸಾಕಾಯಿತು. ಅರ್ಜಿಗೆ ಮೊದಲೇ ಇದನ್ನು ಕೇಳಿಡಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲೆಂದು ಹೊರಟವರಿಗೆ ಈ ದಾರಿ ಅಲ್ಲ. ಬರೀ ಪಿಎಚ್‌ಡಿಯಿಂದ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಿಗದು. ಅದಕ್ಕೆ ಆರ್‌ಸಿಐ ಮಾನ್ಯತೆಯ ಕೋರ್ಸೇ ಆಗಬೇಕು. ನನಗೆ ಬೇಕಿದ್ದದ್ದು ಪಾಠ ಮತ್ತು ಸಂಶೋಧನೆ, ಅದಕ್ಕೆ ಇಷ್ಟು ಸಾಕು. ಸದ್ಯ ಕೋರ್ಸ್‌ವರ್ಕ್ ಶುರುವಾಗಿದೆ, ಅಂಕಿಅಂಶದ ಪತ್ರಿಕೆ ನೋಡಿದರೆ ಈಗಲೂ ಎದೆ ಡವಡವ.