ಸಹಾಯ ಬೇಕು: ಗಂಗೊಳ್ಳಿ ಅಳಿವೆಯಲ್ಲಿ ಉಬ್ಬರವಿಳಿತ ಅಳೆಯಲು ಯಾವ ಸೆನ್ಸರ್ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಗಂಗೊಳ್ಳಿ ಅಳಿವೆಯಲ್ಲಿ ಶಾಲಾ ಮಕ್ಕಳ ಜೊತೆ ಉಬ್ಬರವಿಳಿತ ಅಳೆಯುತ್ತಿದ್ದೇವೆ. ಕಂಬವೊಂದಕ್ಕೆ ಪಿವಿಸಿ ಪೈಪ್ ಕಟ್ಟಿ, ಅಲೆಯ ಕುಲುಕಾಟ ಒಳಗೆ ಬಾರದಂತೆ ಅಡಿಯಲ್ಲಿ ಸಣ್ಣ ತೂತು ಮಾತ್ರ ಬಿಟ್ಟು, ಮೇಲ್ತುದಿಗೆ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದ ಕಳಿಸಿ, ಅದು ನೀರಿಗೆ ತಾಗಿ ಮರಳುವ ಸಮಯದಿಂದ ದೂರ ಅಳೆಯುವಂಥದ್ದು) ಕೂರಿಸಿದ್ದೇವೆ. ಬಿಸಿಲಿಗೆ ಪೈಪ್ ಕಾದರೆ ಲೆಕ್ಕ ತಪ್ಪುತ್ತದೆ. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಹೆಚ್ಚಿ, 2 ಮೀಟರ್ ದೂರಕ್ಕೆ 3 ಸೆಂ.ಮೀ.ಗೂ ಮಿಕ್ಕಿ ವ್ಯತ್ಯಾಸ! ತೂತಿಗೆ ಚಿಪ್ಪು ಬೆಳೆದು ಮುಚ್ಚಿಕೊಳ್ಳುವುದು ಇನ್ನೊಂದು ಕಾಟ.

ನೀರಲ್ಲಿ ಮುಳುಗಿಸಿ, ಮೇಲಿನ ನೀರಿನ ಒತ್ತಡದಿಂದ ಮಟ್ಟ ಅಳೆಯುವ ಪ್ರೆಷರ್ ಸೆನ್ಸರ್ ಹಾಕೋಣವೇ? ಅದರಲ್ಲಿ ವಾಯುಭಾರ ಕಳೆಯಬೇಕು, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಬೆರೆತು ಸಾಂದ್ರತೆಯೂ ಬದಲಾಗುತ್ತದೆ. ಬಳಸಿ ನೋಡಿದವರು ದಯವಿಟ್ಟು ಹೇಳಿ. ಹತ್ತಿರದಲ್ಲಿ ಸರ್ವೆ ಆಫ್ ಇಂಡಿಯಾದ ಬೆಂಚ್‌ಮಾರ್ಕ್ (ಎತ್ತರ ನಿಖರವಾಗಿ ಗೊತ್ತಿರುವ ಗುರುತು) ಎಲ್ಲಿದೆ ಅಂತ ಗೊತ್ತಿದ್ದರೂ ತಿಳಿಸಿ, ಅದಕ್ಕೆ ಹೊಂದಿಸದೆ ನಮ್ಮ ಅಂಕಿಗಳನ್ನು ಬೇರೆ ಕಡೆಯವುಗಳ ಜೊತೆ ಹೋಲಿಸಲಾಗದು.